ಲಗಾಮಿಗಿಂತ ಮೊದಲು ಆಸನ

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ಕ್ಷಮೆಯ ದಿನದ ಪ್ರವಚನ ಮುಗಿದು ನಾವು ಕೆಲವರು ಬಸದಿಯ ಜಗಲಿಯ ಮೇಲೆ ಕುಳಿತಿದ್ದಾಗ, ಸಮಾಜದ ಹಿರಿಯರೊಬ್ಬರು ಎಲ್ಲರ ಎದುರಿಗೆ ನನ್ನನ್ನು ಕೇಳಿದರು: "ಏನು ಶೆಟ್ಟರೇ, ನಿಮ್ಮ ಮೊಮ್ಮಗಳು ಕುದುರೆ ಸವಾರಿ ಕಲಿಯುತ್ತಿದ್ದಾಳಂತೆ. ಇರುವೆಗೂ ದಾರಿ ಬಿಟ್ಟು ನಡೆಯಿರೆಂದು ಕಲಿಸುವ ಮನೆಯ ಮಗು, ಚಾವಟಿ ಹಿಡಿದು ಪಂಚೇಂದ್ರಿಯ ಜೀವಿಯ ಬೆನ್ನೇರುವುದು ಸರಿಯೆ?" ನಾನು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದ ತರುಣನೊಬ್ಬ ಹೇಳಿದ: "ಅದರಲ್ಲೇನು ತಪ್ಪು ಅಜ್ಜಾ? ಸಂಭವನಾಥ ಸ್ವಾಮಿಯ ಲಾಂಛನವೇ ಕುದುರೆ. ನಮ್ಮ ಬಸದಿಗಳಲ್ಲಿ ಬ್ರಹ್ಮದೇವರು ಕುದುರೆಯೇರಿಯೇ ಇದ್ದಾರೆ. ನಮ್ಮ ಅರಸರು, ದಂಡನಾಯಕರು ಸವಾರಿ ಮಾಡದೆ ಇದ್ದರೆ?"

ಇಬ್ಬರ ಮಾತಿಗೂ ತಲೆದೂಗಿದವರಿದ್ದರು. ನಾನು ಮಾತ್ರ ಸುಮ್ಮನಿದ್ದೆ. ಅವರಿಬ್ಬರೂ ಕುದುರೆಯ ಬಾಯನ್ನು ಒಮ್ಮೆಯೂ ಹತ್ತಿರದಿಂದ ನೋಡಿದವರಲ್ಲ. ನಾನು ನೋಡಿ ಬಂದಿದ್ದೆ. ಆದರೂ ಹೇಳಲು ಧೈರ್ಯ ಸಾಲಲಿಲ್ಲ, ಏಕೆಂದರೆ ಆ ಬಾಯಿಯ ಗಾಯದಲ್ಲಿ ನನ್ನ ಪಾಲೂ ಇತ್ತು. ಅಂದಿನ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ಹಿರಿಯ ಮಗನ ಸಂಸಾರ ಬೆಂಗಳೂರಿನಲ್ಲಿದೆ. ಬೇಸಗೆಯ ರಜೆಯಲ್ಲಿ ಹನ್ನೊಂದು ವರ್ಷದ ಮೊಮ್ಮಗಳನ್ನು ನಗರದ ಹೊರವಲಯದ ಒಂದು ಸವಾರಿ ಶಾಲೆಗೆ ಸೇರಿಸಿದ್ದರು. ಬೆಳಿಗ್ಗೆ ಅವಳನ್ನು ಕರೆದೊಯ್ಯುವ ಕೆಲಸ ನನ್ನದಾಯಿತು. ಮೊದಲ ದಿನವೇ ನಾನು ಶಿಕ್ಷಕರನ್ನು ಕೇಳಿದ್ದು ಒಂದೇ ಪ್ರಶ್ನೆ: "ಮಗು ಎಷ್ಟು ದಿನದಲ್ಲಿ ಕುದುರೆ ಓಡಿಸುತ್ತದೆ?" ನಲವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಕುಳಿತವನ ಬಾಯಿಂದ ಬೇರೆ ಯಾವ ಪ್ರಶ್ನೆ ಬಂದೀತು? ಕೊಟ್ಟ ಹಣಕ್ಕೆ ಎಷ್ಟು ಗಜ ಎಂಬುದು ನಮ್ಮ ಲೆಕ್ಕ. ಶಿಕ್ಷಕರೂ ಗಿರಾಕಿಯ ಮನಸ್ಸನ್ನು ಅರಿತವರೇ. ಮೂರನೆಯ ದಿನ ಅವಳ ಕೈಗೆ ಲಗಾಮನ್ನೂ ಒಂದು ಚಿಕ್ಕ ಚಾವಟಿಯನ್ನೂ ಕೊಟ್ಟು, ಕುದುರೆಯನ್ನು ಕುಲುಕು ಓಟಕ್ಕೆ ಹಚ್ಚಿದರು.

ಆಮೇಲೆ ಆ ಅಂಗಳದಲ್ಲಿ ಕೇಳಿಬಂದದ್ದು ಎರಡೇ ಮಾತು: "ಒದೆ", "ಎಳೆ". ಕುದುರೆ ನಿಧಾನಿಸಿದರೆ ಹಿಮ್ಮಡಿಯಿಂದ ಒದೆ. ಎಡಕ್ಕೆ ತಿರುಗದಿದ್ದರೆ ಎಡ ಲಗಾಮನ್ನು ಎಳೆ. ಮಗುವಿಗೆ ಇನ್ನೂ ಕುಳಿತಿರಲು ಬಾರದು. ಪ್ರತಿ ಹೆಜ್ಜೆಗೂ ಅವಳ ದೇಹ ಜೀನಿನಿಂದ ಮೇಲಕ್ಕೆ ಎಗರಿ ಬೀಳುತ್ತಿತ್ತು. ಬೀಳುವ ಭಯದಲ್ಲಿ ಅವಳು ಹಿಡಿದದ್ದು ಕೈಯಲ್ಲಿದ್ದ ಲಗಾಮನ್ನೇ. ಲಗಾಮಿನ ಇನ್ನೊಂದು ತುದಿ ಇದ್ದದ್ದು ಕುದುರೆಯ ಬಾಯಲ್ಲಿ. ಕುದುರೆ ತಲೆಯನ್ನು ಮೇಲಕ್ಕೆತ್ತಿ, ಬಾಯಿ ತೆರೆದು, ಬೆನ್ನನ್ನು ತಗ್ಗಿಸಿ ಓಡಿತು. ಬೆನ್ನು ತಗ್ಗಿದಷ್ಟೂ ಮಗು ಹೆಚ್ಚು ಎಗರಿದಳು. ಎಗರಿದಷ್ಟೂ ಹೆಚ್ಚು ಜಗ್ಗಿದಳು. ಪಾಠ ಮುಗಿದ ಮೇಲೆ ಬೆಲ್ಲದ ತುಂಡು ಕೊಡಲು ಹತ್ತಿರ ಹೋದಾಗ, ಕುದುರೆಯ ಬಾಯಿಯ ಎರಡು ಮೂಲೆಗಳೂ ಸುಲಿದು ಕೆಂಪಾಗಿದ್ದುದನ್ನು ಕಂಡೆ. ಮೊಮ್ಮಗಳು ಕೇಳಿದಳು: "ಇದು ನಾನು ಮಾಡಿದ್ದಾ, ತಾತಾ?"

"ಇಲ್ಲಮ್ಮ" ಎಂದೆ. ಅದು ಅರ್ಧ ಸುಳ್ಳು. ಆ ಗಾಯವನ್ನು ಅವಳೊಬ್ಬಳೇ ಮಾಡಿರಲಿಲ್ಲ. ಅವಳಂತೆ ಕುಳಿತಿರಲು ಬಾರದ ಹತ್ತಾರು ಮಕ್ಕಳು, ನನ್ನಂತೆ "ಯಾವಾಗ ಓಡಿಸುತ್ತಾಳೆ" ಎಂದು ಕೇಳಿದ ಹತ್ತಾರು ಹಿರಿಯರು ಸೇರಿ ಮಾಡಿದ್ದರು.

ಅಂದಿನಿಂದ ಈ ವಿದ್ಯೆಯನ್ನು ಕುರಿತು ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡುದರ ಸಾರ ಒಂದೇ. ಕುದುರೆಯ ಮೇಲೆ ಸಮತೋಲದಿಂದ ಕುಳಿತುಕೊಳ್ಳಲು ಕಲಿಯದ ಕೈಗೆ ಲಗಾಮು ಕೊಡುವುದು ಹಿಂಸೆ. ಅದು ಪಾಠದ ಅನಿವಾರ್ಯ ಭಾಗವಲ್ಲ, ಕಲಿಯುವವರ ಸಣ್ಣಪುಟ್ಟ ತಪ್ಪೂ ಅಲ್ಲ. ಕಲಿಸುವವರೂ ಹಣ ಕೊಡುವವರೂ ತಿಳಿದೋ ತಿಳಿಯದೆಯೋ ಆರಿಸಿಕೊಂಡ ಹಿಂಸೆ.

ಕುದುರೆಯ ಬಾಯಿಯ ರಚನೆಯನ್ನು ಓದುಗರು ಗಮನಿಸಬೇಕು. ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಒಂದು ಎಡೆ ಇರುತ್ತದೆ. ಲೋಹದ ಕಡಿವಾಣ ಕೂಡುವುದು ಅಲ್ಲಿಯೇ. ಅಲ್ಲಿ ಎಲುಬಿನ ಮೇಲಿರುವುದು ತೆಳುವಾದ ಒಸಡು ಮಾತ್ರ. ನಾಲಗೆ, ಒಸಡು, ತುಟಿಯ ಮೂಲೆ ಈ ಮೂರರ ಮೇಲೂ ಕೈಯ ಎಳೆತ ನೇರವಾಗಿ ಬೀಳುತ್ತದೆ. ಕುದುರೆ ನಡೆಯುವಾಗ ಪ್ರತಿ ಹೆಜ್ಜೆಗೂ ಅದರ ತಲೆ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಆಗ ಸವಾರನ ಕೈ ಆ ತೂಗಾಟವನ್ನು ಅನುಸರಿಸಿ ಹೋಗಬೇಕು. ಕುಲುಕು ಓಟದಲ್ಲಿ ಕುದುರೆಯ ತಲೆ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ, ಆದರೆ ಸವಾರನ ದೇಹ ಕುಲುಕುತ್ತದೆ; ಆಗ ದೇಹ ಕುಲುಕಿದರೂ ಕೈ ಅಲುಗಬಾರದು. ಸೊಂಟ, ಮೊಣಕಾಲು, ಕಣಕಾಲುಗಳು ಸಡಿಲವಾಗಿದ್ದು ಆ ಕುಲುಕನ್ನು ನುಂಗಿಕೊಳ್ಳಲು ಕಲಿತ ಮೇಲೆ ಮಾತ್ರ ಇದು ಸಾಧ್ಯ. ಹಾಗೆ ಕಲಿಯದವನ ಕೈ ಅವನ ಆಸರೆಯ ಹಗ್ಗವಾಗುತ್ತದೆ. ಅವನು ಕುದುರೆಯ ಒಸಡಿಗೆ ಜೋತುಬಿದ್ದು ಸವಾರಿ ಮಾಡುತ್ತಾನೆ.

ಕುದುರೆಯನ್ನು ತಿರುಗಿಸುವ ವಿಚಾರದಲ್ಲಿಯೂ ಜನರಿಗೆ ಇರುವುದು ತಪ್ಪು ಕಲ್ಪನೆ. ಲಗಾಮನ್ನು ಸ್ಕೂಟರಿನ ಹ್ಯಾಂಡಲ್ಲಿನಂತೆ ಭಾವಿಸುತ್ತಾರೆ. ಎಡಕ್ಕೆ ಹೋಗಬೇಕಾದರೆ ಬಲ್ಲ ಸವಾರ ಮೊದಲು ಎಡಕ್ಕೆ ನೋಡುತ್ತಾನೆ. ನೋಟದ ಹಿಂದೆ ಭುಜಗಳೂ ಸೊಂಟವೂ ತುಸು ತಿರುಗುತ್ತವೆ. ದೇಹದ ಭಾರ ಎಡ ಆಸನದ ಎಲುಬಿನ ಮೇಲೆ ಎಳ್ಳಷ್ಟು ಹೆಚ್ಚುತ್ತದೆ. ಎಡಗಾಲು ಜೀನಿನ ಹೊಟ್ಟೆಪಟ್ಟಿಯ ಬಳಿ ಕಂಬದಂತೆ ನಿಲ್ಲುತ್ತದೆ. ಕುದುರೆ ಆ ಕಂಬವನ್ನು ಸುತ್ತಿ ಬಾಗುತ್ತದೆ. ಬಲಗಾಲು ಸ್ವಲ್ಪ ಹಿಂದಕ್ಕೆ ಸರಿದು, ಕುದುರೆಯ ಹಿಂಭಾಗ ಹೊರಕ್ಕೆ ಜಾರದಂತೆ ಕಾಯುತ್ತದೆ. ಎಡ ಲಗಾಮು ಬೆರಳಿನಿಂದ ಕೇಳುತ್ತದೆ. ಬಲ ಲಗಾಮು ಭುಜವನ್ನು ಹತೋಟಿಯಲ್ಲಿಟ್ಟುಕೊಂಡೇ ಬೇಕಾದಷ್ಟು ಬಿಟ್ಟುಕೊಡುತ್ತದೆ. ಇವೆಲ್ಲದರಲ್ಲಿ ಲಗಾಮಿನ ಪಾಲು ಅತ್ಯಲ್ಪ. ನಿಂತ ಕುದುರೆಯ ಭಾರದಲ್ಲಿ ಸುಮಾರು ಶೇಕಡಾ 60ರಷ್ಟು ಮುಂಗಾಲುಗಳ ಮೇಲೆಯೇ ಇರುತ್ತದೆ. ಸವಾರ ಮುಂದಕ್ಕೆ ಬಾಗಿ ಒಂದೇ ಲಗಾಮನ್ನು ಜಗ್ಗಿದರೆ ಕುದುರೆಯ ಕತ್ತು ತಿರುಗುತ್ತದೆ, ದೇಹ ಹಿಂದಿನ ದಾರಿಯಲ್ಲಿಯೇ ಹೋಗುತ್ತದೆ. ಆಗ "ಇದು ಮೊಂಡು ಕುದುರೆ" ಎನ್ನುತ್ತೇವೆ. ಕುದುರೆ ಮೊಂಡಲ್ಲ. ಮುಂದಕ್ಕೆ ಹೋಗೆಂದು ಕಾಲು, ನಿಲ್ಲೆಂದು ಕೈ ಒಂದೇ ಕ್ಷಣದಲ್ಲಿ ಹೇಳಿದರೆ, ಅದು ಯಾರ ಮಾತನ್ನು ಕೇಳಬೇಕು?

ಇದಕ್ಕೆ ಎದುರಾಗಿ ಹೇಳುವ ಮಾತುಗಳನ್ನು ನಾನು ಕೇಳಿದ್ದೇನೆ.

"ನಾನೂರು, ಐನೂರು ಕಿಲೋ ತೂಗುವ ಪ್ರಾಣಿಗೆ ಮಗುವಿನ ಕೈಯ ಎಳೆತ ಏನು ಮಾಡೀತು?" ಎಂಬುದು ಮೊದಲನೆಯದು. ಬೆನ್ನಿನ ಮೇಲೆ ಒಂದು ನೊಣ ಕುಳಿತರೆ ಅಷ್ಟೇ ಜಾಗದ ಚರ್ಮವನ್ನು ಅದುರಿಸಿ ಅದನ್ನು ಹಾರಿಸುವ ಪ್ರಾಣಿ ಕುದುರೆ. ನೊಣದ ಕಾಲನ್ನು ಅರಿಯುವ ಜೀವಿ ಹಿಮ್ಮಡಿಯ ಒದೆತವನ್ನೂ ಒಸಡಿನ ಮೇಲಿನ ಲೋಹವನ್ನೂ ಅರಿಯದೆ?

"ಶಾಲೆಯ ಕುದುರೆಗಳಿಗೆ ಇದೆಲ್ಲ ರೂಢಿಯಾಗಿದೆ" ಎಂಬುದು ಎರಡನೆಯದು. ರೂಢಿಯಾಗುವುದು ಹೇಗೆಂದು ಕೇಳಿ ನೋಡಿ. ಕುದುರೆ ಸೂಚನೆಯನ್ನು ಕಲಿಯುವುದು ಒತ್ತಡದಿಂದಲ್ಲ, ಒತ್ತಡ ನಿಂತ ಕ್ಷಣದಿಂದ. ಸರಿಯಾಗಿ ತಿರುಗಿದೊಡನೆ ಕೈ ಸಡಿಲಿದರೆ, "ಇದೇ ಕೇಳಿದ್ದು" ಎಂದು ಅದಕ್ಕೆ ತಿಳಿಯುತ್ತದೆ. ತಿರುಗಿದರೂ ಎಳೆತ, ತಿರುಗದಿದ್ದರೂ ಎಳೆತ ಎಂದಾದರೆ, ಏನು ಮಾಡಿದರೂ ನೋವು ತಪ್ಪದೆಂದು ತಿಳಿದು ಅದು ಪ್ರತಿಕ್ರಿಯಿಸುವುದನ್ನೇ ಬಿಡುತ್ತದೆ. ಅದಕ್ಕೆ ನಾವು "ಗಟ್ಟಿಬಾಯಿ" ಎಂದು ಹೆಸರಿಟ್ಟು, ಇನ್ನೂ ಕಠಿಣವಾದ ಕಡಿವಾಣವನ್ನು ಹುಡುಕುತ್ತೇವೆ.

"ಹಗ್ಗದಲ್ಲಿ ಸುತ್ತು ಹಾಕಿಸಿದರೆ ಮಕ್ಕಳಿಗೆ ಬೇಸರ" ಎಂಬುದು ಮೂರನೆಯದು. ಸರಿಯಾದ ಕ್ರಮವೆಂದರೆ ಶಿಕ್ಷಕನು ನಡುವೆ ನಿಂತು, ಉದ್ದನೆಯ ಹಗ್ಗದಲ್ಲಿ ಕುದುರೆಯನ್ನು ವೃತ್ತಾಕಾರದಲ್ಲಿ ನಡೆಸುವುದು. ಕುದುರೆಯ ಹೊಣೆ ಅವನದು, ಕುಳಿತುಕೊಳ್ಳುವ ಹೊಣೆ ಮಾತ್ರ ಸವಾರನದು. ವಿಯೆನ್ನಾದ ಹೆಸರಾಂತ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲಿ ಹೊಸ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಲಗಾಮಿಲ್ಲದೆ, ಕಾಲಿಡುವ ರಿಕಾಬಿಲ್ಲದೆ ಹೀಗೆಯೇ ಕುಳಿತು ಕಲಿಯುತ್ತಾರೆ. ಸವಾರಿಯನ್ನೇ ಬದುಕಾಗಿಸಿಕೊಳ್ಳುವ ತರುಣರಿಗೆ ತಿಂಗಳುಗಳು ಬೇಕಾದರೆ, ನಮ್ಮ ಮಕ್ಕಳಿಗೆ ಮೂರು ದಿನ ಸಾಕೆಂದು ಹೇಳಿದವರು ಯಾರು? ನಾವೇ ಅಲ್ಲವೆ? ಕುದುರೆ ಓಡುತ್ತಿರುವ ಭಾವಚಿತ್ರ ನಮಗೆ ಬೇಕು. ಹಗ್ಗದ ಪಾಠದಲ್ಲಿ ಅಂತಹ ಚಿತ್ರ ಸಿಗುವುದಿಲ್ಲ.

"ದೊಡ್ಡ ದೊಡ್ಡ ಸವಾರರೇ ಹೊಡೆಯುತ್ತಾರೆ" ಎಂಬುದು ಕೊನೆಯದು. ಹೊಡೆದವರ ಗತಿಯನ್ನೂ ನೋಡೋಣ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ ಆಧುನಿಕ ಪೆಂಟಾಥ್ಲಾನ್ ಸ್ಪರ್ಧೆಯಲ್ಲಿ, ಚೀಟಿಯೆತ್ತಿ ಕೊಟ್ಟ ಅಪರಿಚಿತ ಕುದುರೆಯೊಂದಿಗೆ ಇಪ್ಪತ್ತೇ ನಿಮಿಷಗಳಲ್ಲಿ ಹೊಂದಿಕೊಳ್ಳಬೇಕಾಗಿತ್ತು. ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ ಜರ್ಮನಿಯ ಸ್ಪರ್ಧಿಗೆ ಸಿಕ್ಕ ಸೇಂಟ್ ಬಾಯ್ ಎಂಬ ಕುದುರೆ ಮುಂದಡಿಯಿಡಲಿಲ್ಲ. ಆಕೆ ಅಳುತ್ತ ಚಾವಟಿ ಬೀಸಿದಳು. ಆಕೆಯ ತರಬೇತುದಾರರು ಕುದುರೆಗೆ ಮುಷ್ಟಿಯಿಂದ ಗುದ್ದಿದರು. ತರಬೇತುದಾರರನ್ನು ಕ್ರೀಡಾಕೂಟದಿಂದ ಹೊರಹಾಕಲಾಯಿತು. 2024ರ ಪ್ಯಾರಿಸ್ ಕೂಟದ ನಂತರ ಆ ಸ್ಪರ್ಧೆಯಿಂದ ಸವಾರಿಯನ್ನೇ ಕೈಬಿಡಲಾಯಿತು. ಅದೇ 2024ರಲ್ಲಿ, ಮೂರು ಒಲಿಂಪಿಕ್ ಚಿನ್ನ ಗೆದ್ದ ಬ್ರಿಟನ್ನಿನ ಷಾರ್ಲೆಟ್ ಡುಜಾರ್ಡಿನ್ ಅವರು ಶಿಷ್ಯೆಯೊಬ್ಬಳಿಗೆ ಪಾಠ ಹೇಳುವಾಗ ಕುದುರೆಯ ಕಾಲುಗಳಿಗೆ ಮತ್ತೆ ಮತ್ತೆ ಚಾವಟಿಯಿಂದ ಹೊಡೆದ ದೃಶ್ಯ ಹೊರಬಿದ್ದು, ಅವರು ಪ್ಯಾರಿಸ್ಸಿನಿಂದ ಹಿಂದೆ ಸರಿಯಬೇಕಾಯಿತು. ಒಂದು ವರ್ಷದ ನಿಷೇಧವನ್ನೂ ಅನುಭವಿಸಿದರು. ಇವರನ್ನು ನಾವು ಮಾದರಿಯೆಂದು ತೋರಿಸಬೇಕೆ? ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿಯೇ ಗ್ರೀಸಿನ ಸೇನಾನಿ ಕ್ಸೆನೊಫೋನ್ ಸವಾರಿಯನ್ನು ಕುರಿತು ಗ್ರಂಥ ಬರೆದು, ಕೋಪದಿಂದ ಕುದುರೆಯ ಬಳಿಗೆ ಹೋಗಬಾರದೆಂದೂ, ಬಲವಂತದಿಂದ ಮಾಡಿಸಿದ್ದನ್ನು ಕುದುರೆ ಅರಿತು ಮಾಡುವುದಿಲ್ಲವೆಂದೂ ತಿಳಿಸಿದ್ದ. ಯುದ್ಧಕ್ಕೆ ಹೋದವನು ಅರಿತದ್ದನ್ನು ಅಹಿಂಸೆಯ ಮಾತಾಡುವ ನಾವು ಅರಿಯದಿದ್ದರೆ ಹೇಗೆ?

ಈಗ ಧರ್ಮದ ಮಾತಿಗೆ ಬರುತ್ತೇನೆ. "ಮಗು ಬೇಕೆಂದು ನೋಯಿಸಲಿಲ್ಲವಲ್ಲ" ಎಂದು ನನ್ನ ಸೊಸೆ ಸಮಾಧಾನ ಹೇಳಿದಳು. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಎಚ್ಚರಗೇಡಿತನದಿಂದ ಇನ್ನೊಂದು ಜೀವಕ್ಕೆ ಆಗುವ ಪೀಡೆ ಹಿಂಸೆಯೇ. ಮಗುವಿನ ಅರಿಯದ ಕೈಯನ್ನು ಕ್ಷಮಿಸಬಹುದು. ಅರಿಯದ ಕೈಗೆ ಲಗಾಮು ಕೊಟ್ಟ ಹಿರಿಯರ ಪ್ರಮಾದವನ್ನು ಕ್ಷಮಿಸುವವರು ಯಾರು?

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಈ ಐದೂ ಮನೆಯಲ್ಲಿ ದನಕರು, ಎತ್ತು, ಕುದುರೆಗಳಿದ್ದ ಗೃಹಸ್ಥನನ್ನು ಕಣ್ಣ ಮುಂದಿಟ್ಟುಕೊಂಡು ಹೇಳಿದಂತಿವೆ. ಈಗ ನಮ್ಮ ಮನೆಗಳಲ್ಲಿ ಪಶುಗಳಿಲ್ಲ, ಆದ್ದರಿಂದ ಅತಿಚಾರವೂ ಇಲ್ಲವೆಂದು ನಿಶ್ಚಿಂತರಾಗಿದ್ದೇವೆ. ಸವಾರಿಯ ಅಂಗಳಕ್ಕೆ ಹೋಗಿ ನೋಡಿ, ಐದೂ ಅಲ್ಲಿವೆ. ತಲೆಯಾಡಿಸಲು ಬಾರದಷ್ಟು ಗಿಡ್ಡ ಹಗ್ಗದ ಕಟ್ಟು ಬಂಧ. ಚಾವಟಿಯ ಪೆಟ್ಟು ವಧ. ಸುಲಿದ ತುಟಿ ಛೇದ. ಅಮೆರಿಕದ ಓಹಾಯೊದಲ್ಲಿ ಎಂಟು ಕುದುರೆಗಳ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊರೆ ಕುದುರೆಯ ತೂಕದ ಶೇಕಡಾ 25, 30ಕ್ಕೆ ಏರಿದಾಗ ಆಯಾಸದ ಚಿಹ್ನೆಗಳೂ ಸ್ನಾಯುಗಳ ನೋವೂ ಹೆಚ್ಚಿದ್ದವು. ಶೇಕಡಾ 20ರ ಮಿತಿಯನ್ನು ಬಲ್ಲವರು ಇಂದಿಗೂ ಹೇಳುತ್ತಾರೆ. ಹಾಗೆಂದರೆ 400 ಕಿಲೋ ಕುದುರೆಗೆ ಜೀನೂ ಸೇರಿ 80 ಕಿಲೋ. ಮಗುವಿನ ಪಾಠ ಮುಗಿದ ಮೇಲೆ "ನಾನೂ ಒಂದು ಸುತ್ತು" ಎಂದು ಏರುವ ಸ್ಥೂಲಕಾಯದ ತಂದೆ ತನ್ನ ತೂಕವನ್ನು ಯೋಚಿಸುವುದುಂಟೆ? ಇನ್ನು ಅನ್ನಪಾನ: ಕುದುರೆಯ ಜಠರದಲ್ಲಿ ಆಮ್ಲ ಸದಾ ಒಸರುತ್ತಲೇ ಇರುತ್ತದೆ, ಆದ್ದರಿಂದ ಅದು ದಿನದ ಹೆಚ್ಚು ಹೊತ್ತು ಮೇಯುತ್ತಿರಬೇಕಾದ ಪ್ರಾಣಿ. ಒಂದರ ಹಿಂದೊಂದು ಪಾಠಗಳ ನಡುವೆ ಹುಲ್ಲಿಲ್ಲದೆ ನಿಲ್ಲಿಸಿದರೆ ಜಠರದಲ್ಲಿ ಹುಣ್ಣಾಗುತ್ತದೆ.

ಜಗಲಿಯ ಮೇಲೆ ನನ್ನನ್ನು ಪ್ರಶ್ನಿಸಿದ ಹಿರಿಯರಿಗೂ ನನ್ನದೊಂದು ಮಾತಿದೆ. ಕುದುರೆಯ ಬೆನ್ನೇರದೆಯೇ ಇರುವುದು ಹೆಚ್ಚು ಶುದ್ಧವಾದ ಮಾರ್ಗವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ತಾವು ಅಧ್ಯಕ್ಷರಾಗಿರುವ ಟ್ರಸ್ಟಿನ ಆಯವ್ಯಯ ಪಟ್ಟಿಯನ್ನು ಪ್ರತಿ ವರ್ಷ ತಪಾಸಣೆ ಮಾಡುವವನೂ ನಾನೇ. ಅದರಲ್ಲಿ ರಥೋತ್ಸವದ ಖರ್ಚಿನ ಕೆಳಗೆ "ಕುದುರೆ ಬಾಡಿಗೆ" ಎಂಬ ಬಾಬ್ತು ತಪ್ಪದೆ ಇರುತ್ತದೆ. ಬಾಜಾಬಜಂತ್ರಿ, ಪಟಾಕಿಗಳ ನಡುವೆ ಬೆಳ್ಳಿಯ ಸಾಮಾನು, ಜರಿಯ ಹೊದಿಕೆ ಹೊತ್ತು ನಿಂತ ಆ ಕುದುರೆಯ ಮೇಲೆ ರಾಜಕುಮಾರರ ವೇಷದ ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸುತ್ತೇವೆ. ಆ ಮಕ್ಕಳಿಗೆ ಕುಳಿತಿರಲು ಬಾರದು. ಅವರ ಕೈಯಲ್ಲಿಯೂ ಲಗಾಮಿರುತ್ತದೆ. ಸದ್ದಿಗೆ ಬೆದರುವ ಕುದುರೆಯನ್ನು ಹಿಡಿದಿಡಲು ಅದರ ಬಾಯಿಗೆ ಎಂತಹ ಕಡಿವಾಣ ಹಾಕಿದ್ದಾರೆಂದು ನಾವು ಯಾರಾದರೂ ನೋಡಿದ್ದೇವೆಯೆ? ಮೆರವಣಿಗೆಯ ಕುದುರೆಗಳಿಗೆ ಮುಳ್ಳಿನ ಕಡಿವಾಣ ಹಾಕುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ. 1965ರ ಭಾರವಾಹಕ ಪ್ರಾಣಿಗಳ ನಿಯಮಗಳು ಮುಳ್ಳಿರುವ ಕಡಿವಾಣವನ್ನು ನಿಷೇಧಿಸಿವೆ. ಮಿತಿಮೀರಿ ಸವಾರಿ ಮಾಡುವುದನ್ನೂ, ಹೊಡೆಯುವುದನ್ನೂ, ಗಾಯವಿರುವ ಪ್ರಾಣಿಯನ್ನು ದುಡಿಸುವುದನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಅಪರಾಧವೆಂದು ಹೇಳುತ್ತದೆ. ಸರಕಾರದ ಕಾಯಿದೆಗೆ ಕಂಡ ಗಾಯ, ಅಹಿಂಸಾ ಪರಮೋ ಧರ್ಮಃ ಎಂಬ ಫಲಕ ಹಿಡಿದು ಅದೇ ಕುದುರೆಯ ಹಿಂದೆ ನಡೆಯುವ ನಮಗೆ ಕಾಣದೆ ಹೋಯಿತೆ?

ಲಾಂಛನವನ್ನು ಎತ್ತಿ ಹೇಳಿದ ತರುಣ ಮಿತ್ರನಿಗೂ ಹೇಳುತ್ತೇನೆ. ಸಂಭವನಾಥ ಸ್ವಾಮಿಯ ಪೀಠದ ಕುದುರೆಗೆ ಕೈಮುಗಿಯುವುದು ಸುಲಭ. ಅದು ಶಿಲೆಯದು, ಅದರ ಬಾಯಲ್ಲಿ ಗಾಯವಾಗುವುದಿಲ್ಲ. ನಮ್ಮ ಪೂರ್ವಿಕರು ಸವಾರಿಯನ್ನಷ್ಟೇ ಮಾಡಲಿಲ್ಲ. ಅಭಿನವಚಂದ್ರನು ಕುದುರೆಯ ರೋಗಗಳನ್ನು ಕುರಿತು ಅಶ್ವವೈದ್ಯವೆಂಬ ಗ್ರಂಥವನ್ನೇ ಕನ್ನಡದಲ್ಲಿ ಬರೆದನು. ಬೆನ್ನೇರುವವನು ಆ ಪ್ರಾಣಿಯ ದೇಹವನ್ನೂ ಅರಿಯಬೇಕೆಂಬ ತಿಳಿವಳಿಕೆ ಈ ನಾಡಿಗೆ ಹೊಸದಲ್ಲ.

ಆದ್ದರಿಂದ ಸಮಾಜ ಬಾಂಧವರಲ್ಲಿ ನನ್ನ ಬೇಡಿಕೆಗಳು ಇವು. ಮಕ್ಕಳನ್ನು ಸವಾರಿಗೆ ಕಳುಹಿಸುವ ತಂದೆತಾಯಿಗಳು ಶುಲ್ಕ ಕಟ್ಟುವ ಮೊದಲು ಕುದುರೆಯ ಬಾಯಿಯ ಮೂಲೆಗಳನ್ನೂ ಜೀನಿನ ಕೆಳಗಿನ ಬೆನ್ನನ್ನೂ ನೋಡಬೇಕು, ಗಾಯವಿದ್ದರೆ ಹಿಂದಿರುಗಬೇಕು. "ಎಷ್ಟು ದಿನದಲ್ಲಿ ಓಡಿಸುತ್ತದೆ" ಎಂದು ಕೇಳದೆ, "ಲಗಾಮಿಲ್ಲದೆ ಎಷ್ಟು ದಿನ ಕಲಿಸುತ್ತೀರಿ" ಎಂದು ಕೇಳಬೇಕು. ಕಲಿಯುವ ಮಗುವಿನ ಕೈಗೆ ಚಾವಟಿ ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. ಆಯತಪ್ಪಿದಾಗ ಹಿಡಿಯಲು ಕುದುರೆಯ ಕತ್ತಿಗೆ ಒಂದು ಪಟ್ಟಿ ಕಟ್ಟಿದರೆ ಸಾಕು, ಅದಕ್ಕೆ ಹೆಚ್ಚಿನ ವೆಚ್ಚವಿಲ್ಲ. ಟ್ರಸ್ಟಿನವರು ಮೆರವಣಿಗೆಗೆ ಕುದುರೆ ತರಿಸುವುದನ್ನು ನಿಲ್ಲಿಸಿದರೆ ಉತ್ತಮ. ನಿಲ್ಲಿಸಲಾರೆವೆನ್ನುವುದಾದರೆ, ಮುಳ್ಳಿನ ಕಡಿವಾಣವಿಲ್ಲವೆಂದು ಪಶುವೈದ್ಯರಿಂದ ಖಾತರಿ ಮಾಡಿಸಿ, ಪಟಾಕಿಯನ್ನು ದೂರವಿರಿಸಿ, ನೀರು ಹುಲ್ಲುಗಳ ವ್ಯವಸ್ಥೆ ಮಾಡಿ, ಯಾರನ್ನೂ ಕೂರಿಸದೆ ಕೈಹಿಡಿದು ನಡೆಸಲಿ. ಬರುವ ಮಹಾಸಭೆಯಲ್ಲಿ ನಾನು ಈ ಠರಾವನ್ನು ಮಂಡಿಸಲಿದ್ದೇನೆ. ವಿರೋಧಿಸುವವರು ಅಂದು ಕುದುರೆಯ ಬಾಯನ್ನು ನೋಡಿ ಬಂದು ವಿರೋಧಿಸಲಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಮೊಮ್ಮಗಳನ್ನು ಆ ಶಾಲೆಯಿಂದ ಬಿಡಿಸಿದೆವು. ಅವಳು ಸವಾರಿಯನ್ನು ಬಿಡಲೊಪ್ಪಲಿಲ್ಲ. ಕಲಿಸುವ ರೀತಿಯನ್ನು ಕೇಳಿ ನೋಡಿಯೇ ಬೇರೆಡೆ ಸೇರಿಸಿದೆವು. ಅಲ್ಲಿ ಆರು ವಾರ ಹಗ್ಗದ ವೃತ್ತದಲ್ಲಿಯೇ ಕುಳಿತಳು, ಕೈಗಳನ್ನು ಒಮ್ಮೆ ಸೊಂಟದ ಮೇಲೆ, ಒಮ್ಮೆ ರೆಕ್ಕೆಯಂತೆ ಚಾಚಿಕೊಂಡು. ಏಳನೆಯ ವಾರ ಲಗಾಮು ಕೈಗೆ ಬಂತು. ಆ ದಿನ ನಾನು ಬೇಲಿಯ ಬಳಿ ನಿಂತಿದ್ದೆ. ಅವಳು ನನ್ನ ಕಡೆ ತಿರುಗಿ ನೋಡಿದಳು. ಕೈ ಅಲುಗಿದ್ದು ನನಗೆ ಕಾಣಲಿಲ್ಲ. ಕುದುರೆ ವೃತ್ತವನ್ನು ಬಿಟ್ಟು ನೇರವಾಗಿ ನನ್ನತ್ತ ನಡೆದು ಬಂದು ನಿಂತಿತು. ನಾನು ಮೊದಲು ನೋಡಿದ್ದು ಅದರ ಬಾಯಿಯ ಮೂಲೆಗಳನ್ನು. ಅವು ಸುಲಿದಿರಲಿಲ್ಲ.